ಮಗುವಿಗೆ ಡ್ರಿಪ್: ಯಾವಾಗ ಬೇಕು, ಯಾವಾಗ ಬೇಡ

ಮಳೆಗಾಲ ಹಿಡಿದು ಜ್ವರ, ವಾಂತಿಭೇದಿಗಳು ಹೆಚ್ಚಾದ ದಿನಗಳಲ್ಲಿ ತಾಲ್ಲೂಕು ಕೇಂದ್ರದ ಮಕ್ಕಳ ಕ್ಲಿನಿಕ್ಕಿಗೆ ಹೋದರೆ, ಒಳಕೋಣೆಯ ಎರಡು ಮೂರು ಮಂಚಗಳ ಮೇಲೆ ಕೈಗೆ ಪಟ್ಟಿ ಸುತ್ತಿಸಿಕೊಂಡ ಮಕ್ಕಳು ಮಲಗಿರುವುದು ಸಾಮಾನ್ಯ ನೋಟ. ಮೈಸೂರು ಕಡೆಯವರು ಗ್ಲೂಕೋಸ್ ಹಾಕಿಸಿದೆವು ಎನ್ನುತ್ತಾರೆ, ಧಾರವಾಡದ ಕಡೆಯವರು ಸಲಾಯಿನ್ ಹಚ್ಚಿಸಿದೆವು ಎನ್ನುತ್ತಾರೆ. ಮಗುವನ್ನು ದಾಖಲು ಮಾಡಿಕೊಳ್ಳದೆ, ಎರಡು ಮೂರು ಗಂಟೆಗಳಲ್ಲಿ ಬಾಟಲಿಯ ಒಂದಷ್ಟು ಭಾಗವನ್ನು ರಕ್ತನಾಳಕ್ಕೆ ಹರಿಸಿ ಮನೆಗೆ ಕಳುಹಿಸುವ ಈ ಪದ್ಧತಿಯನ್ನು ಕುರಿತೇ ಇಲ್ಲಿ ಹೇಳಹೊರಟಿರುವುದು. ತುರ್ತು ಸ್ಥಿತಿಯಲ್ಲಿ ಬಂದು ವಾರ್ಡಿನಲ್ಲಿ ಉಳಿಯಬೇಕಾದ ಮಗುವಿನ ಡ್ರಿಪ್ ಬೇರೆಯೇ ವಿಷಯ. ಅದು ಜೀವ ಉಳಿಸುತ್ತದೆ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಪ್ರಶ್ನೆ ಇರುವುದು ಹೊರರೋಗಿಯಾಗಿ ಬಂದು ಹೊರರೋಗಿಯಾಗಿಯೇ ಹೋಗುವ ಮಗುವಿನ ವಿಚಾರದಲ್ಲಿ.

ಮೊದಲು ಬಾಟಲಿಯೊಳಗೆ ಏನಿದೆ ಎಂಬುದನ್ನು ನೋಡೋಣ. ಶೇ 5ರ ಡೆಕ್ಸ್‌ಟ್ರೋಸ್ ಎಂದು ಬರೆದಿರುವ ಅರ್ಧ ಲೀಟರಿನ ಬಾಟಲಿಯಲ್ಲಿ ಇರುವುದು ನೀರು ಮತ್ತು 25 ಗ್ರಾಂ ಸಕ್ಕರೆ. ಅದರಿಂದ ಸಿಗುವ ಶಕ್ತಿ ಹೆಚ್ಚೆಂದರೆ 100 ಕ್ಯಾಲೊರಿ, ಅಂದರೆ ಎರಡು ಇಡ್ಲಿಯಷ್ಟು. ನಾರ್ಮಲ್ ಸಲೈನ್ ಎಂಬುದು ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ನೀರು. ಅದರಲ್ಲಿ ಶಕ್ತಿ ಎಂಬುದು ಕಿಂಚಿತ್ತೂ ಇಲ್ಲ. ರಿಂಗರ್ ಲ್ಯಾಕ್ಟೇಟಿನಲ್ಲಿ ಉಪ್ಪಿನ ಜೊತೆಗೆ ಒಂದಿಷ್ಟು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಇರುತ್ತವೆ. ಕೆಲವೆಡೆ ವಿಟಮಿನ್ ಚುಚ್ಚುಮದ್ದನ್ನು ಬೆರೆಸಿ ಬಾಟಲಿಯನ್ನು ಹಳದಿ ಬಣ್ಣಕ್ಕೆ ತಿರುಗಿಸುವುದುಂಟು. ಆ ಬಣ್ಣ ನೋಡುವವರಿಗೆ ಭರವಸೆ ಕೊಡುತ್ತದೆಯೇ ಹೊರತು ವಾಂತಿಭೇದಿಯನ್ನಾಗಲಿ ವೈರಲ್ ಜ್ವರವನ್ನಾಗಲಿ ಒಂದು ಗಂಟೆ ಮೊದಲೇ ಮುಗಿಸುವುದಿಲ್ಲ.

ಇನ್ನು ಪ್ರಮಾಣದ ಲೆಕ್ಕ. ಹತ್ತು ಕಿಲೋ ತೂಕದ ಒಂದು ಮಗುವನ್ನು ತೆಗೆದುಕೊಳ್ಳೋಣ. ಭೇದಿಯಿಂದ ಅದರ ದೇಹದ ನೀರು ಸ್ವಲ್ಪ ಮಟ್ಟಿಗೆ ಬತ್ತಿದೆ, ಅಂದರೆ ಮಗು ಕಿರಿಕಿರಿ ಮಾಡುತ್ತಿದೆ, ಕಣ್ಣು ಒಳಸೇರಿದೆ, ನೀರು ಕೊಟ್ಟರೆ ಆತುರದಿಂದ ಕುಡಿಯುತ್ತಿದೆ ಎಂದಾದರೆ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಅದಕ್ಕೆ ಕಿಲೋ ತೂಕಕ್ಕೆ 75 ಮಿ.ಲೀ.ನಂತೆ ನಾಲ್ಕು ಗಂಟೆಗಳಲ್ಲಿ 750 ಮಿ.ಲೀ. ಓಆರ್‌ಎಸ್, ಅಂದರೆ ಬಾಯಿಯಿಂದ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣ, ಹೋಗಬೇಕು. ನೀರು ತೀವ್ರವಾಗಿ ಬತ್ತಿ ಮಗು ಮಂಕಾಗಿದ್ದರೆ ರಕ್ತನಾಳದ ಮೂಲಕವೇ ಮೂರು ಗಂಟೆಗಳಲ್ಲಿ ಒಂದು ಲೀಟರ್ ಕೊಡಬೇಕು, ಅದರಲ್ಲಿ 300 ಮಿ.ಲೀ. ಮೊದಲ ಅರ್ಧ ಗಂಟೆಯಲ್ಲೇ ಒಳಗೆ ಸೇರಬೇಕು. ಆದರೆ ಹೊರರೋಗಿ ಮಂಚದ ಮೇಲೆ ಅದೇ ತೂಕದ ಮಗುವಿಗೆ ಹನಿಹನಿಯಾಗಿ 150 ಮಿ.ಲೀ. ಹೋಯಿತು ಎಂದಿಟ್ಟುಕೊಳ್ಳಿ. ಮಗು ನಿಜವಾಗಿ ಬತ್ತಿದ್ದರೆ ಅಷ್ಟು ಸಾಲದು. ಬತ್ತಿಲ್ಲದಿದ್ದರೆ ಅಷ್ಟೂ ಬೇಡ. ಮನೆಯಲ್ಲಿ ಒಂದು ಲೋಟ ಕುಡಿಸಿದ್ದರೆ ಅದಕ್ಕಿಂತ ಹೆಚ್ಚು ಹೋಗುತ್ತಿತ್ತು. ಹೊರರೋಗಿ ಡ್ರಿಪ್ಪಿನ ಮೂಲ ದೋಷವನ್ನು ತೋರಿಸಲು ಈ ಲೆಕ್ಕವೊಂದೇ ಸಾಕೆಂದು ನನಗೆ ತೋರುತ್ತದೆ.

ಹಾಗಾದರೆ ಡ್ರಿಪ್ ಹಾಕಿದ ಮೇಲೆ ಮಗು ಗೆಲುವಾಗುವುದನ್ನು ತಾಯಂದಿರು ಕಣ್ಣಾರೆ ನೋಡಿದ್ದಾರಲ್ಲ ಎಂದು ಕೇಳಬಹುದು. ನೋಡಿರುವುದು ನಿಜ. ಆದರೆ ಆ ಎರಡು ಗಂಟೆಗಳಲ್ಲಿ ಬೇರೆ ಸಂಗತಿಗಳೂ ನಡೆದಿರುತ್ತವೆ. ಪ್ಯಾರಾಸಿಟಮಾಲ್ ಜ್ವರ ಇಳಿಸಿರುತ್ತದೆ, ವಾಂತಿ ತಡೆಯುವ ಔಷಧವನ್ನೂ ಕೊಟ್ಟಿರುತ್ತಾರೆ, ಅತ್ತು ದಣಿದ ಮಗು ಒಂದು ನಿದ್ದೆ ಮುಗಿಸಿರುತ್ತದೆ. ಹೊತ್ತು ಹೊತ್ತಿಗೆ ಏರಿ ಇಳಿಯುವ ಜ್ವರ ತಾನಾಗಿಯೂ ಇಳಿಯುತ್ತದೆ. ಇಷ್ಟರ ಶ್ರೇಯಸ್ಸೂ ಕಣ್ಣಿಗೆ ಕಾಣುವಂತೆ ತೂಗುತ್ತಿದ್ದ ಬಾಟಲಿಗೇ ಸಲ್ಲುತ್ತದೆ. ವಾಂತಿ ಮಾಡಿ ಉಪವಾಸವಿದ್ದ ಮಗುವಿನ ರಕ್ತದಲ್ಲಿ ಕೀಟೋನ್ (ದೇಹ ಸಕ್ಕರೆಯ ಬದಲು ಕೊಬ್ಬನ್ನು ಕರಗಿಸುವಾಗ ಹುಟ್ಟುವ ವಸ್ತು) ಏರಿ ಓಕರಿಕೆ ಹೆಚ್ಚಾಗುವುದುಂಟು, ಆಗ ಸಕ್ಕರೆ ಒಳಗೆ ಹೋದರೆ ಅದು ಕಡಿಮೆಯಾಗುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಆ ಸಕ್ಕರೆ ಬಾಯಿಯ ಮೂಲಕ ಹೋದರೂ ಅದೇ ಕೆಲಸವನ್ನು ಮಾಡುತ್ತದೆ.

ಬಾಯಿಂದ ಕೊಟ್ಟದ್ದು ಭೇದಿಯಲ್ಲಿ ಹಾಗೆಯೇ ಹೊರಟುಹೋಗುತ್ತದೆ ಎಂಬ ಅನುಮಾನ ಓದಿದವರಲ್ಲೂ ಇದೆ. ಇದಕ್ಕೆ ಉತ್ತರ ಸಣ್ಣ ಕರುಳಿನ ಒಳಗೋಡೆಯಲ್ಲಿದೆ. ಅಲ್ಲಿರುವ ಒಂದು ಪ್ರೋಟೀನು ಗ್ಲೂಕೋಸ್ ಮತ್ತು ಉಪ್ಪಿನಲ್ಲಿರುವ ಸೋಡಿಯಂ ಎರಡನ್ನೂ ಒಟ್ಟಿಗೇ ಹಿಡಿದು ಒಳಗೆ ಸಾಗಿಸುತ್ತದೆ, ಅವುಗಳ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. ಕಾಲರಾದಂಥ ಘೋರ ಭೇದಿಯಲ್ಲಿ ಕರುಳು ನೀರನ್ನು ಹೊರಚೆಲ್ಲುತ್ತಿರುವಾಗಲೂ ಈ ಸಾಗಣೆ ನಿಲ್ಲುವುದಿಲ್ಲ. ಬರೀ ನೀರು ಅಥವಾ ಬರೀ ಸಕ್ಕರೆ ನೀರಿನಿಂದ ಆಗದ ಕೆಲಸ ಸರಿಯಾದ ಪ್ರಮಾಣದ ಉಪ್ಪು-ಸಕ್ಕರೆಯ ದ್ರಾವಣದಿಂದ ಆಗುವುದು ಈ ಕಾರಣಕ್ಕೆ. ಈಗ ಬಳಕೆಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಲವಣ ಇರುತ್ತದೆ.

ಇದು ಪ್ರಯೋಗಾಲಯದಲ್ಲಷ್ಟೇ ಉಳಿದ ತತ್ತ್ವವಲ್ಲ. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಹಾಕಲು ಸಲೈನ್ ಬಾಟಲಿಗಳು ಸಾಲದೆ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಅವರ ತಂಡ ಉಪ್ಪು ಮತ್ತು ಗ್ಲೂಕೋಸಿನ ಪುಡಿಯನ್ನು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿತು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಬಾಟಲಿ ಸಿಗದಿದ್ದಲ್ಲಿ ಕಂಡುಕೊಂಡ ಈ ಪಾಠವನ್ನು ಬಾಟಲಿ ಧಾರಾಳವಾಗಿ ಸಿಗುವ ಕಾಲದಲ್ಲಿ ಮರೆಯುತ್ತಿದ್ದೇವೆ.

ಆಮೇಲೆ ಶ್ರೀಮಂತ ದೇಶಗಳ ಮಕ್ಕಳಲ್ಲೂ ಹೋಲಿಕೆಯ ಅಧ್ಯಯನಗಳು ನಡೆದವು. ಅವೆಲ್ಲವನ್ನೂ ಒಟ್ಟುಗೂಡಿಸಿ ನೋಡಿದ 2006ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ವಾಂತಿಭೇದಿಯಿಂದ ಬಂದ ಮಕ್ಕಳಿಗೆ ಬಾಯಿಯ ಮೂಲಕವೇ ದ್ರವ ಕೊಡಲು ತೊಡಗಿದರೆ, 25 ಮಕ್ಕಳಲ್ಲಿ ಒಂದಕ್ಕೆ ಮಾತ್ರ ಅದು ಸಾಲದೆ ಹೋಗಿ ಡ್ರಿಪ್ ಬೇಕಾಗುತ್ತದೆ. ಉಳಿದ 24 ಮಕ್ಕಳ ಕೈಗೆ ಸೂಜಿ ಚುಚ್ಚಬೇಕಾದ ಕಾರಣವೇ ಇರುವುದಿಲ್ಲ. ಕುಡಿಸಿದ್ದೆಲ್ಲ ವಾಂತಿಯಾಗುತ್ತದೆ ಎಂಬುದು ಇದಕ್ಕೆ ಬರುವ ದೊಡ್ಡ ಆಕ್ಷೇಪ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ, ಚಮಚದಲ್ಲಿ ಕೊಡಬೇಕು ಎಂಬುದು ಹಳೆಯ ಸಲಹೆ. ಅದು ಈಗಲೂ ಸರಿ. ಅದರ ಜೊತೆಗೆ ವಾಂತಿ ತಡೆಯುವ, ನಾಲಗೆಯ ಮೇಲೆ ಕರಗುವ ಒಂಡಾನ್‌ಸೆಟ್ರಾನ್ ಮಾತ್ರೆಯ ಒಂದೇ ಪ್ರಮಾಣವನ್ನು ತುರ್ತು ವಿಭಾಗಕ್ಕೆ ಬಂದ ಮಕ್ಕಳಿಗೆ ಕೊಟ್ಟು ನೋಡಿದ ಅಮೆರಿಕದ 2006ರ ಒಂದು ಅಧ್ಯಯನದಲ್ಲಿ, ಡ್ರಿಪ್ ಬೇಕಾದ ಮಕ್ಕಳ ಪ್ರಮಾಣ ಶೇ 31ರಿಂದ ಶೇ 14ಕ್ಕೆ ಇಳಿಯಿತು. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು, ಅಂಗಡಿಯಿಂದ ತಂದು ಕೊಡುವ ಔಷಧ ಅದಲ್ಲ ಎಂಬ ಮಾತನ್ನು ಸೇರಿಸಿಯೇ ಇದನ್ನು ಹೇಳಬೇಕು.

ಬಾಯಿಯ ದಾರಿ ಸುಲಭ ಎಂದೇನೂ ನಾನು ಹೇಳುತ್ತಿಲ್ಲ. ಮೇಲಿನ ಲೆಕ್ಕದ 750 ಮಿ.ಲೀ. ಅನ್ನು ನಾಲ್ಕು ಗಂಟೆಗೆ ಹಂಚಿದರೆ ಸುಮಾರು ಒಂದೂವರೆ ನಿಮಿಷಕ್ಕೊಂದರಂತೆ 150 ಟೀ ಚಮಚಗಳಾಗುತ್ತವೆ. ಯಾರಾದರೂ ಒಬ್ಬರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೇರೆಲ್ಲ ಕೆಲಸ ಬಿಟ್ಟು ಕೂಡಬೇಕು. ಮನೆಯಲ್ಲಿ ಇನ್ನೊಂದು ಮಗುವನ್ನು ಬಿಟ್ಟು ಬಂದ, ಅಂದಿನ ಕೂಲಿ ಕಳೆದುಕೊಂಡ ತಾಯಿಗೆ ಡ್ರಿಪ್ ಬಿಡುವು ಕೊಡುತ್ತದೆ. ನೂರು ಮಕ್ಕಳನ್ನು ನೋಡಬೇಕಾದ ನರ್ಸಿಗೂ ಅಷ್ಟೇ. ಅನಗತ್ಯ ಡ್ರಿಪ್ ಕಡಿಮೆ ಮಾಡಬೇಕೆನ್ನುವವರು ಈ ದುಡಿಮೆಯನ್ನು ಯಾರು ಮಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಮಾತನಾಡಬೇಕು.

ಹಾಕಿದರೆ ನಷ್ಟವೇನು ಎಂಬ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ನಷ್ಟಗಳಲ್ಲಿ ಕಡಿಮೆ ಗೊತ್ತಿರುವುದು, ಆದರೆ ಅತಿ ಮುಖ್ಯವಾದುದು, ರಕ್ತದ ಸೋಡಿಯಂ ಕುಸಿಯುವುದು. ಆರೋಗ್ಯವಂತ ಮಗುವಿನ ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರುತ್ತದೆ. ಮಕ್ಕಳಿಗೆಂದೇ ನಮ್ಮಲ್ಲಿ ಬಹುಕಾಲ ಬಳಸುತ್ತ ಬಂದ ಕೆಲವು ದ್ರಾವಣಗಳಲ್ಲಿ ಅದು 25ರ ಆಸುಪಾಸಿನಲ್ಲಿದೆ. ಬರೀ ಡೆಕ್ಸ್‌ಟ್ರೋಸಿನಲ್ಲಿ ಸೊನ್ನೆ. ಜ್ವರ, ನೋವು, ವಾಂತಿ, ಶ್ವಾಸಕೋಶದ ಸೋಂಕು ಇವು ಯಾವುದೇ ಇದ್ದರೂ ದೇಹವು ನೀರನ್ನು ಹಿಡಿದಿಡುವ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಅಂಥ ಹೊತ್ತಿನಲ್ಲಿ ಉಪ್ಪಿಲ್ಲದ ನೀರನ್ನು ನೇರವಾಗಿ ರಕ್ತಕ್ಕೆ ಹರಿಸಿದರೆ ರಕ್ತ ತೆಳುವಾಗುತ್ತದೆ, ನೀರು ಮೆದುಳಿನ ಜೀವಕೋಶಗಳೊಳಗೆ ಸೇರಿ ಅವು ಊದಿಕೊಳ್ಳುತ್ತವೆ. ಮಕ್ಕಳ ತಲೆಬುರುಡೆಯಲ್ಲಿ ಮೆದುಳು ಊದಿಕೊಳ್ಳಲು ಜಾಗ ಕಡಿಮೆ. ತಲೆನೋವು, ವಾಂತಿ, ಮಂಕು, ಕೊನೆಗೆ ಫಿಟ್ಸ್ ಕಾಣಿಸಿಕೊಳ್ಳುತ್ತವೆ. ಇಂಥ ಅನಾಹುತಗಳನ್ನು ನೋಡಿಯೇ ಬ್ರಿಟನ್ 2007ರಲ್ಲಿ ಉಪ್ಪು ಅತಿ ಕಡಿಮೆ ಇರುವ ದ್ರಾವಣವನ್ನು ಮಕ್ಕಳ ಸಾಮಾನ್ಯ ವಾರ್ಡುಗಳಿಂದ ತೆಗೆಯಲು ಸೂಚಿಸಿತು, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ರಕ್ತಕ್ಕೆ ಸಮನಾದ ಸೋಡಿಯಂ ಇರುವ ದ್ರಾವಣಗಳನ್ನೇ ಬಳಸಬೇಕೆಂದು ಹೇಳಿತು. ಹೊರರೋಗಿ ಮಂಚದ ಮೇಲೆ ಒಂದೆರಡು ಗಂಟೆ ಹರಿಸಿದ ಮಾತ್ರಕ್ಕೆ ಹೀಗೆಯೇ ಆಗುತ್ತದೆ ಎಂದಲ್ಲ. ಆದರೆ ತೂಕ ನೋಡದೆ, ರಕ್ತ ಪರೀಕ್ಷೆ ಇಲ್ಲದೆ, ಕೈಗೆ ಸಿಕ್ಕ ಬಾಟಲಿ ಏರಿಸುವ ಕಡೆ ಈ ಅಪಾಯವನ್ನು ಗಮನಿಸುವವರೇ ಇರುವುದಿಲ್ಲ.

ದ್ರವವೂ ಒಂದು ಔಷಧ ಎಂಬುದನ್ನು ವೈದ್ಯಲೋಕಕ್ಕೆ ಗಟ್ಟಿಯಾಗಿ ಹೇಳಿದ ಅಧ್ಯಯನವೊಂದು ಆಫ್ರಿಕಾದಿಂದ ಬಂತು. ಯುಗಾಂಡಾ, ಕೀನ್ಯಾ, ತಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ 3,141 ಮಕ್ಕಳ ಮೇಲೆ ನಡೆದ ಇದರ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ರಕ್ತನಾಳಕ್ಕೆ ವೇಗವಾಗಿ ದ್ರವ ಹರಿಸಿದ ಗುಂಪುಗಳಲ್ಲಿ 48 ಗಂಟೆಗಳೊಳಗೆ ತೀರಿಕೊಂಡ ಮಕ್ಕಳು ಸುಮಾರು ಶೇ 10.5; ಹಾಗೆ ಹರಿಸದ ಗುಂಪಿನಲ್ಲಿ ಶೇ 7.3. ಅವು ಗಂಭೀರ ಸ್ಥಿತಿಯ ಮಕ್ಕಳು, ಭೇದಿಯ ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿರಲಿಲ್ಲ, ಆದ್ದರಿಂದ ಅದನ್ನು ನಮ್ಮ ಕ್ಲಿನಿಕ್ಕಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಆದರೂ ಹಾಕಿದರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲವೆಂಬುದನ್ನು ಅದು ತೋರಿಸಿತು.

ಸಣ್ಣ ಮಟ್ಟದ ತೊಂದರೆಗಳು ಪ್ರತಿ ಕ್ಲಿನಿಕ್ಕಿನಲ್ಲೂ ಪರಿಚಿತ. ದಪ್ಪ ಕೈಯ ಕೂಸಿನಲ್ಲಿ ನರ ಸಿಗದೆ ಮತ್ತೆ ಮತ್ತೆ ಚುಚ್ಚುವುದು, ಕ್ಯಾನುಲಾ (ರಕ್ತನಾಳದಲ್ಲಿ ಕೂರಿಸುವ ಸಣ್ಣ ಕೊಳವೆ) ಜಾರಿ ದ್ರವ ಚರ್ಮದಡಿ ಸೇರಿ ಕೈ ಊದಿಕೊಳ್ಳುವುದು, ನರ ಕೆಂಪಾಗಿ ನೋಯುವುದು. ಸೋಂಕು ಇವೆಲ್ಲಕ್ಕಿಂತ ದೊಡ್ಡದು. ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ರತೋದೇರೋ ಎಂಬ ಪಟ್ಟಣದಲ್ಲಿ 2019ರಲ್ಲಿ ನೂರಾರು ಮಕ್ಕಳಿಗೆ ಎಚ್‌ಐವಿ ತಗುಲಿರುವುದು ಬೆಳಕಿಗೆ ಬಂತು. ಅಸುರಕ್ಷಿತ ಚುಚ್ಚುಮದ್ದು ಮತ್ತು ಡ್ರಿಪ್ಪುಗಳತ್ತಲೇ ತನಿಖೆ ಬೆರಳು ತೋರಿಸಿತು. ಬಹುಪಾಲು ಮಕ್ಕಳು ಐದು ವರ್ಷದೊಳಗಿನವರು. ನಮ್ಮಲ್ಲೇ ಗುಜರಾತಿನ ಮೋಡಾಸಾದಲ್ಲಿ 2009ರಲ್ಲಿ ಹೀಗೆಯೇ ಹೆಪಟೈಟಿಸ್ ಬಿ ಹಬ್ಬಿತ್ತು. ಸೂಜಿ ಹೊಸದಾದರೂ ಬಾಟಲಿಯೊಳಗಿನ ದ್ರವದ ಗುಣಮಟ್ಟವನ್ನು ನಂಬಲೇಬೇಕಾದ ಸ್ಥಿತಿ ಇರುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸಾವುಗಳ ನಂತರ ಒಂದು ಕಂಪನಿಯ ರಿಂಗರ್ ಲ್ಯಾಕ್ಟೇಟ್ ಬಳಕೆಯನ್ನು ರಾಜ್ಯ ಸರ್ಕಾರ ತಡೆಹಿಡಿದದ್ದು ಇನ್ನೂ ನೆನಪಿನಲ್ಲಿದೆ. ಬೇಕೇ ಬೇಕಾದ ರೋಗಿಗೆ ಈ ಅಪಾಯವನ್ನು ಎದುರಿಸುವುದು ನ್ಯಾಯ. ಬೇಡದ ಮಗುವಿಗೆ ಯಾಕೆ ಎಂಬುದೇ ಪ್ರಶ್ನೆ.

ಡ್ರಿಪ್ ಖಂಡಿತ ಬೇಕಾಗುವ ಮಗುವನ್ನು ಗುರುತಿಸುವುದು ಇಷ್ಟೇ ಮುಖ್ಯ, ಏಕೆಂದರೆ ಈ ಲೇಖನವನ್ನು ಓದಿ ಯಾರೂ ತಡಮಾಡಬಾರದು. ಮಗು ಎಚ್ಚರಗೊಳ್ಳದಷ್ಟು ಮಂಕಾಗಿದ್ದರೆ, ಕುಡಿಯಲಾಗದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮೊದಲಿನಂತಾಗಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಕೈಕಾಲು ತಣ್ಣಗಿದ್ದರೆ, ಆರೆಂಟು ಗಂಟೆಗಳಿಂದ ಮೂತ್ರ ಹೋಗಿಲ್ಲದಿದ್ದರೆ, ಚಮಚದಲ್ಲಿ ಕೊಟ್ಟರೂ ಪ್ರತಿ ಸಲವೂ ವಾಂತಿಯಾಗುತ್ತಿದ್ದರೆ, ಹಸಿರು ಬಣ್ಣದ ವಾಂತಿಯಾದರೆ ಅಥವಾ ಹೊಟ್ಟೆ ಉಬ್ಬಿಕೊಂಡಿದ್ದರೆ ಅದು ಓಆರ್‌ಎಸ್ ಕುಡಿಸುತ್ತಾ ಕೂರುವ ಹೊತ್ತಲ್ಲ. ಮೂರು ತಿಂಗಳೊಳಗಿನ ಕೂಸಿನಲ್ಲಿ ಜ್ವರವೊಂದೇ ಇದ್ದರೂ ಕೂಡಲೇ ವೈದ್ಯರಿಗೆ ತೋರಿಸಬೇಕು. ಡೆಂಗ್ಯೂ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ಜ್ವರ ಇಳಿಯುವ ಹೊತ್ತಿಗೇ ಅಪಾಯ ಶುರುವಾಗುತ್ತದೆ, ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ಮಂಕುತನ ಇವು ಕಂಡರೆ ಮಗು ವಾರ್ಡಿನಲ್ಲಿರಬೇಕು, ಗಂಟೆ ಗಂಟೆಗೆ ಲೆಕ್ಕ ಹಾಕಿ ದ್ರವ ಕೊಡಬೇಕು. ಇವು ಯಾವುವೂ ಇಲ್ಲದೆ ಚೆನ್ನಾಗಿ ಕುಡಿಯುತ್ತಿರುವ ಡೆಂಗ್ಯೂ ಮಗುವಿಗೆ ಬಾಯಿಯ ದ್ರವವೇ ಸಾಕು. ಅದಕ್ಕೆ ಮುಂಜಾಗ್ರತೆಯ ಹೆಸರಿನಲ್ಲಿ ಬಾಟಲಿ ಏರಿಸಿದರೆ, ಮುಂದೆ ಸೋರಿಕೆಯ ಘಟ್ಟದಲ್ಲಿ ಆ ನೀರು ಶ್ವಾಸಕೋಶದ ಸುತ್ತ ಸೇರಿ ಉಸಿರಾಟಕ್ಕೇ ತೊಂದರೆ ಕೊಡಬಹುದು.

ಇಷ್ಟೆಲ್ಲ ಗೊತ್ತಿದ್ದರೂ ಪದ್ಧತಿ ಏಕೆ ಬದಲಾಗುತ್ತಿಲ್ಲ? ಹಣದಾಸೆ ಎಂಬ ಉತ್ತರ ಬಾಯಿಗೆ ಮೊದಲು ಬರುತ್ತದೆ. ಅದರಲ್ಲಿ ಸತ್ಯವಿಲ್ಲವೆಂದಲ್ಲ, ಡೇ ಕೇರ್ ಮಂಚಕ್ಕೆ ಶುಲ್ಕವಿದೆ, ಓಆರ್‌ಎಸ್ ಪೊಟ್ಟಣದಲ್ಲಿ ಆದಾಯವಿಲ್ಲ. ಆದರೆ ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಮೇಲೆ ನಡೆದು, 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆ ಚಿತ್ರ ಕೊಡುತ್ತದೆ. ಮನೆಯಲ್ಲಿರುವ ಮಗುವಿಗೆ ಭೇದಿಯಾಗಿದೆಯೆಂದು ಹೇಳಿಕೊಂಡು, ಚಿಕಿತ್ಸಕರಿಗೆ ತಿಳಿಯದಂತೆ, ತರಬೇತಾದವರು ಕ್ಲಿನಿಕ್ಕುಗಳಿಗೆ ಹೋದರು. ಕೆಲವರು ಓಆರ್‌ಎಸ್ ಬಗ್ಗೆ ತಾವೇ ಕೇಳಿದರು, ಕೆಲವರು ಆಂಟಿಬಯೋಟಿಕ್ ಕೇಳಿದರು, ಇನ್ನು ಕೆಲವರು ಏನೂ ಕೇಳಲಿಲ್ಲ. ಓಆರ್‌ಎಸ್ ಬರೆದುಕೊಡದಿರುವುದಕ್ಕೆ ದಾಸ್ತಾನಿನ ಕೊರತೆ ಕಾರಣವಾದದ್ದು ಶೇ 6ರಷ್ಟು, ಹಣದ ಲಾಭ ಶೇ 5ರಷ್ಟು. ಈ ಮನೆಯವರಿಗೆ ಓಆರ್‌ಎಸ್ ಬೇಡ ಎಂಬ ಚಿಕಿತ್ಸಕರ ಊಹೆ ಶೇ 42ರಷ್ಟು.

ಈ ಅಧ್ಯಯನ ಓಆರ್‌ಎಸ್ ಕುರಿತದ್ದು, ಡ್ರಿಪ್ ಕುರಿತದ್ದಲ್ಲ. ಆದರೆ ಡ್ರಿಪ್ಪಿನ ಹಿಂದೆಯೂ ಬಾಯಿಬಿಟ್ಟು ಕೇಳದೆ ಊಹಿಸುವ ಇದೇ ಮೌನ ಕೆಲಸ ಮಾಡುತ್ತದೆ ಎಂದು ನಾನು ಭಾವಿಸುತ್ತೇನೆ. ಇಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದ ತಂದೆತಾಯಿ ಬರೀ ಪುಡಿಯ ಪೊಟ್ಟಣ ಹಿಡಿದು ಮರಳಿದರೆ ಅಸಮಾಧಾನಪಡುತ್ತಾರೆ, ನಾಳೆ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾರೆ ಎಂದು ಡಾಕ್ಟರು ಊಹಿಸುತ್ತಾರೆ. ಡಾಕ್ಟರು ಬಾಟಲಿ ಹಾಕಿಸಿದರೆಂದ ಮೇಲೆ ಕಾಯಿಲೆ ಅಷ್ಟು ಜೋರಾಗಿಯೇ ಇರಬೇಕೆಂದು ತಂದೆತಾಯಿ ಊಹಿಸುತ್ತಾರೆ. ಮುಂದಿನ ಸಲ ಸಾಧಾರಣ ಜ್ವರಕ್ಕೂ ಅವರೇ, ‘ಸುಸ್ತಾಗಿದ್ದಾನೆ ಸಾರ್, ಒಂದು ಗ್ಲೂಕೋಸ್ ಹಾಕಿಬಿಡಿ’ ಎನ್ನುತ್ತಾರೆ. ಹೀಗೆ ಒಬ್ಬರ ಊಹೆಯನ್ನು ಇನ್ನೊಬ್ಬರ ಊಹೆ ಗಟ್ಟಿಮಾಡುತ್ತಾ ಹೋಗುತ್ತದೆ. ವಿಮೆಯದ್ದು ಇನ್ನೊಂದು ವಿಚಿತ್ರ: ಮಾತ್ರೆ ಸಿರಪ್ಪುಗಳಷ್ಟೇ ನಡೆದ ದಾಖಲಾತಿಯನ್ನು ಹೊರರೋಗಿಯಾಗಿಯೇ ನೋಡಬಹುದಿತ್ತು ಎಂದು ವಿಮಾ ಕಂಪನಿಗಳು ತಳ್ಳಿಹಾಕುವ ಕಾರಣ, ಕಾಗದದ ಬಲಕ್ಕಾಗಿಯೂ ಕ್ಯಾನುಲಾ ಬೀಳುವುದುಂಟು.

ಆಜ್ಞೆಯಿಂದ ಇದನ್ನು ತಡೆಯಲು ಹೊರಟ ದೇಶವೂ ಇದೆ. ಚೀನಾದಲ್ಲಿ 2009ರಲ್ಲಿ ಬಳಕೆಯಾದ ಡ್ರಿಪ್ ಬಾಟಲಿಗಳು 1,040 ಕೋಟಿ, ತಲೆಗೆ ಎಂಟು ಬಾಟಲಿ, ಎಂದು ಅಲ್ಲಿನ ಸರ್ಕಾರದ ಹಿರಿಯ ಅಧಿಕಾರಿಯೇ ಹೇಳಿದ ಮೇಲೆ ದೊಡ್ಡ ಚರ್ಚೆಯಾಯಿತು. ಜಿಯಾಂಗ್ಸು ಪ್ರಾಂತ್ಯ 2016ರಲ್ಲಿ ದೊಡ್ಡ ಆಸ್ಪತ್ರೆಗಳ ಹೊರರೋಗಿ ಡ್ರಿಪ್ಪನ್ನು ನಿಲ್ಲಿಸಿತು. ಆದರೆ ಮಕ್ಕಳ ಆಸ್ಪತ್ರೆಗಳಿಗೆ ವಿನಾಯಿತಿ ಕೊಟ್ಟಿತು. ದೊಡ್ಡವರಿಗೆ ಬೇಡವೆಂದು ಹೇಳಬಹುದು, ಅಳುತ್ತಿರುವ ಮಗುವಿನ ತಂದೆತಾಯಿಗೆ ಹೇಳುವುದು ಕಷ್ಟ ಎಂಬುದನ್ನು ಆಡಳಿತವೇ ಒಪ್ಪಿಕೊಂಡಂತಿತ್ತು.

ನಮ್ಮಲ್ಲಿ ನಿಷೇಧಕ್ಕಿಂತ ಹೊರರೋಗಿ ವಿಭಾಗದ ಕೆಲಸದ ಕ್ರಮವನ್ನೇ ಬದಲಿಸುವುದು ಹೆಚ್ಚು ಫಲ ಕೊಟ್ಟೀತು. ಈಗ ಮಗು ಸರದಿಯಲ್ಲಿ ಒಂದು ಗಂಟೆ ಬಾಯಾರಿ ಕಾದು, ಡಾಕ್ಟರ ಬಳಿ ಹೋಗುವಷ್ಟರಲ್ಲಿ ಇನ್ನಷ್ಟು ಬಾಡಿರುತ್ತದೆ. ಚೀಟಿ ಬರೆಸುವಾಗಲೇ ತೂಕ ನೋಡಿ, ಭೇದಿಯ ಮಗುವಾದರೆ ನರ್ಸ್ ಅಲ್ಲಿಯೇ ಓಆರ್‌ಎಸ್ ಕಲಸಿ, ಅಳತೆ ಗುರುತಿರುವ ಲೋಟದಲ್ಲಿ ಅಮ್ಮನ ಕೈಗೆ ಕೊಟ್ಟು, ಇಷ್ಟು ಹೊತ್ತಿಗೆ ಇಷ್ಟು ಮುಗಿಸಿ ಎಂದು ತೋರಿಸಿದರೆ, ಕಾಯುವ ಸಮಯವೇ ಚಿಕಿತ್ಸೆಯ ಸಮಯವಾಗುತ್ತದೆ. ಇದಕ್ಕಾಗಿ ಒಂದು ಬೆಂಚು, ಕುದಿಸಿ ಆರಿಸಿದ ನೀರು, ಚಮಚ ಲೋಟಗಳಿರುವ ಮೂಲೆ ಸಾಕು. ಸರ್ಕಾರಿ ಕಾರ್ಯಕ್ರಮಗಳಲ್ಲಿ ಓಆರ್‌ಎಸ್ ಕಾರ್ನರ್ ಎಂಬ ಹೆಸರಿನಲ್ಲಿ ಇದು ಇದೆ, ಫಲಕದ ಕೆಳಗೆ ಯಾರಾದರೂ ಕೂತಿರಬೇಕು ಅಷ್ಟೇ. ಡಾಕ್ಟರ ಮುಂದೆ ಬರುವಷ್ಟರಲ್ಲಿ ಮಗು 200 ಮಿ.ಲೀ. ಕುಡಿದು ಉಳಿಸಿಕೊಂಡಿದ್ದರೆ ತಾಯಿಗೂ ಡಾಕ್ಟರಿಗೂ ವಾದ ಮಾಡಲು ಏನೂ ಉಳಿದಿರುವುದಿಲ್ಲ. ಡ್ರಿಪ್ ಹಾಕುವ ಪ್ರತಿ ಮಗುವಿನ ಚೀಟಿಯಲ್ಲಿ ತೂಕ, ಕಾರಣ, ದ್ರಾವಣದ ಹೆಸರು, ಗಂಟೆಗೆ ಎಷ್ಟು ಎಂಬ ನಾಲ್ಕು ವಿವರ ಕಡ್ಡಾಯವಾಗಬೇಕು. ಕಾರಣದ ಜಾಗದಲ್ಲಿ ಸುಸ್ತು ಎಂದಷ್ಟೇ ಬರೆಯಬೇಕಾದಾಗ ಪೆನ್ನು ತಾನಾಗಿ ತಡೆಯುತ್ತದೆ.

ತಂದೆತಾಯಿಯ ಪಾಲಿನದು ಒಂದು ಮಾತು: ‘ಡಾಕ್ಟರೇ, ಬಾಯಲ್ಲೇ ಕುಡಿಸಿದರೆ ಸಾಕಾಗುತ್ತಾ? ನಾವು ಕೂತು ಕುಡಿಸುತ್ತೇವೆ.’ ಮೇಲೆ ಹೇಳಿದ ಅಧ್ಯಯನದಲ್ಲಿ ಓಆರ್‌ಎಸ್ ಕೇಳಿದವರಿಗೆ ಅದು ಸಿಕ್ಕಿದ್ದು ಉಳಿದವರಿಗಿಂತ ಎಷ್ಟೋ ಹೆಚ್ಚು. ಕೇಳಿ ತಂದ ಮೇಲೆ ಪೊಟ್ಟಣವನ್ನೂ ನೋಡಬೇಕು. ಓಆರ್‌ಎಸ್ ಎಂಬ ಅಕ್ಷರಗಳನ್ನು ಹೊತ್ತು ಸಕ್ಕರೆ ತುಂಬಿದ ಪಾನೀಯಗಳು ವರ್ಷಗಟ್ಟಲೆ ಔಷಧದಂಗಡಿಗಳಲ್ಲೇ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರ ದೀರ್ಘ ಹೋರಾಟದ ನಂತರ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ತಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ನಮೂದಿಸಿರುವ ಪುಡಿಯನ್ನೇ ಕೊಂಡು, ಪೊಟ್ಟಣದ ಮೇಲೆ ಹೇಳಿರುವ ಅಳತೆಯ ನೀರಿನಲ್ಲಿ ಇಡೀ ಪುಡಿಯನ್ನು ಕರಗಿಸಿ, 24 ಗಂಟೆಯೊಳಗೆ ಬಳಸಿ, ಮಿಕ್ಕದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಕೊಡಬೇಕು. ಎದೆಹಾಲನ್ನು ನಿಲ್ಲಿಸಬಾರದು, ಊಟ ಬಲ್ಲ ಮಗುವಿಗೆ ಗಂಜಿ, ಮೊಸರನ್ನ, ಮೃದುವಾದ ಇಡ್ಲಿ ಎಂದಿನಂತೆ ನಡೆಯಲಿ. ಡಾಕ್ಟರು ಬರೆದುಕೊಟ್ಟ ಸತುವಿನ (ಜಿಂಕ್) ಸಿರಪ್ ಅಥವಾ ಮಾತ್ರೆಯನ್ನು ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಮುಗಿಸಬೇಕು. ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯುವುದನ್ನು ಬಿಟ್ಟರೆ, ಅಥವಾ ಮೊದಲಿಗಿಂತ ಮಂಕಾದರೆ, ರಾತ್ರಿಯಾದರೂ ಸರಿ, ಅದೇ ದಿನ ಆಸ್ಪತ್ರೆಗೆ ಮರಳಬೇಕು.